ರೀಸೆಟ್ ಒತ್ತಿದ್ದು ಮಣಿಯೇ

ಕೊರೊನಾ ಕಾಟ ಮುಗಿದು ತರಗತಿಗಳು ಮತ್ತೆ ತುಂಬಿಕೊಂಡಿದ್ದ ವರ್ಷ. ನಾನಾಗ ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಮುಖ್ಯಸ್ಥೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಕೆಲಸಕ್ಕೆ ಸೇರಿದಂದಿನಿಂದ ನಾನು ಬಿಡದೆ ಕಲಿಸಿದ ವಿಷಯವೆಂದರೆ ಥಿಯರಿ ಆಫ್ ಕಂಪ್ಯುಟೇಶನ್. ಒಂದು ಯಂತ್ರ ಯಾವುದನ್ನು ಲೆಕ್ಕ ಹಾಕಬಲ್ಲದು, ಯಾವುದನ್ನು ತಿಪ್ಪರಲಾಗ ಹಾಕಿದರೂ ಹಾಕಲಾರದು ಎಂದು ಮೊದಲೇ ವಿಚಾರ ಮಾಡಿ ಹೇಳುವ ಶಾಸ್ತ್ರ ಇದು. ಇದನ್ನು ಕಲಿಯಲು ಕಂಪ್ಯೂಟರ್ ಕೂಡ ಬೇಡ, ಸೀಮೆಸುಣ್ಣ ಸಾಕು. ಅದಕ್ಕೇ ಇರಬೇಕು, ವಿದ್ಯಾರ್ಥಿಗಳಿಗೆ ಇದನ್ನು ಕಂಡರೆ ತಾತ್ಸಾರ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಎದ್ದು "ಮೇಡಂ, ಇದ್ರಿಂದ ಏನು ಉಪಯೋಗ?" ಎಂದು ಕೇಳಿಯೇ ಕೇಳುತ್ತಿದ್ದರು. "ಪಾಸಾಗೋಕೆ ಉಪಯೋಗ, ಕೂತ್ಕೊ" ಎನ್ನುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಪ್ರಶ್ನೆಗೆ ನೆಟ್ಟಗಿನ ಉತ್ತರ ಸಿಕ್ಕಿದ್ದು ಆ ವರ್ಷ, ಭದ್ರಾವತಿಯ ಒಂದು ಸಣ್ಣ ಕಾರ್ಖಾನೆಯ ನೆಲದ ಮೇಲೆ.

ದಸರಾ ರಜೆ ಮುಗಿದು ಸ್ವಲ್ಪ ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಆಲ್ಕೊಳದ ನಮ್ಮ ಮನೆಗೆ ಅಶ್ವಿನಿ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಅವಳ ತಂದೆ ಭದ್ರಾವತಿಯಲ್ಲಿ ನೀರೆತ್ತುವ ಪಂಪಿನ ಭಾಗಗಳನ್ನು ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಇವಳೇ ನಡೆಸುತ್ತಿದ್ದಳು. ಕಾಲೇಜಿನಲ್ಲಿ ಬಾಯಿ ಮುಚ್ಚದ ಹುಡುಗಿ. ಅವತ್ತು ಕಾಫಿ ಆರಿ ಕೆನೆ ಕಟ್ಟಿದರೂ ಲೋಟ ಮುಟ್ಟಲಿಲ್ಲ.

ನಡೆದದ್ದು ಇಷ್ಟು. ಅವಳ ಕಾರ್ಖಾನೆಯಲ್ಲಿ ಒಂದು ಹೈಡ್ರಾಲಿಕ್ ಪ್ರೆಸ್ ಇತ್ತು. ಎರಕ ಹೊಯ್ದ ಪಂಪಿನ ಮೈಯನ್ನು ಕೆಳಗೆ ಕಚ್ಚಿ ಹಿಡಿದುಕೊಂಡು, ಮೇಲಿನಿಂದ ರ‍್ಯಾಮ್ ಎಂಬ ದಪ್ಪ ಕಬ್ಬಿಣದ ದಿಂಡು ಇಳಿದು, ಅದರ ತೂತಿನೊಳಕ್ಕೆ ಬುಷ್ ಎಂಬ ಬಳೆಯನ್ನು ಒತ್ತಿ ಕೂರಿಸುವ ಯಂತ್ರ. ಅದರ ಮೇಲೆ ವರ್ಷಗಟ್ಟಲೆಯಿಂದ ಇಬ್ಬರದೇ ಜೋಡಿ. ಪ್ಯಾನೆಲ್ ಮುಂದೆ ಗುಂಡಿ ಒತ್ತುವವನು ಮಣಿ. ಯಂತ್ರದ ಬಾಯಿಗೆ ಮಾಲು ಇಡುವವನು, ತೆಗೆಯುವವನು ಬಸವರಾಜ. ಆಯುಧಪೂಜೆ ಮುಗಿದು ಕೆಲಸ ಶುರುವಾದ ಬೆಳಿಗ್ಗೆ ಬಸವರಾಜ ಯಂತ್ರಕ್ಕೆ ಹಾಕಿದ್ದ ಹೂವಿನ ಹಾರ ತೆಗೆಯಲು ಕೈ ಹಾಕಿದ್ದ. ರ‍್ಯಾಮ್ ಇಳಿಯಿತು. ಬಲಗೈಯ ಎರಡು ಬೆರಳು ಹೋದವು.

"ಮಣಿ ಏನಂತಾನೆ?" ಎಂದೆ.

"ರೀಸೆಟ್ ಒಂದೇ ಒತ್ತಿದ್ದು, ಸ್ಟಾರ್ಟ್ ಮುಟ್ಟೇ ಇಲ್ಲ ಅಂತಾನೆ ಮೇಡಂ. ರೀಸೆಟ್ ಒತ್ತಿದ್ರೆ ಪ್ಯಾನೆಲ್ಲಿನ ಕೆಂಪು ದೀಪ ಆರುತ್ತೆ, ಅಷ್ಟೇ. ಬೇರೇನೂ ಆಗಲ್ಲ. ಪ್ಯಾನೆಲ್ ಹಾಕಿಕೊಟ್ಟ ಕಂಪನಿಯ ಎಂಜಿನಿಯರು ಬಂದು ಎಷ್ಟು ಸಲ ಒತ್ತಿ ನೋಡಿದ್ರೋ ಲೆಕ್ಕ ಇಲ್ಲ. ರ‍್ಯಾಮ್ ಅಲ್ಲಾಡಲ್ಲ. ಮಣಿ ಗಡಿಬಿಡೀಲಿ, ರೂಢಿ ಮೇಲೆ ಎರಡೂ ಕೈಲಿ ಸ್ಟಾರ್ಟ್ ಒತ್ತಿದಾನೆ ಅಂತ ವರದಿ ಬರೆದಿದಾರೆ. ನಾನು ಸಹಿ ಹಾಕ್ಬೇಕು. ಹಾಕಿದ್ರೆ ಅವನ ಕೆಲಸ ಹೋಯ್ತು. ಇನ್ನೊಬ್ಬರ ಕೈ ತೆಗೆದೋನು ಅಂತ ಹೆಸರು ಬಂದ್ರೆ ಭದ್ರಾವತೀಲಿ ಯಾರು ಮೆಷಿನ್ ಮುಟ್ಟೋಕೆ ಬಿಡ್ತಾರೆ? ಸಹಿ ಹಾಕೋಕೆ ಕೈ ಬರ್ತಿಲ್ಲ ಮೇಡಂ."

"ಅದಕ್ಕೆ ನಾನೇನು ಮಾಡ್ಲಿ ಮಾರಾಯ್ತಿ? ನಾನು ಪಾಠ ಹೇಳೋಳು, ಮೆಷಿನ್ ರಿಪೇರಿ ಮಾಡೋಳಲ್ಲ."

"ಗುಂಡಿ ಇರೋ ಯಾವ ಮೆಷಿನ್ನಾದ್ರೂ ವೃತ್ತ, ಬಾಣ ಹಾಕಿ ಬರೀಬಹುದು ಅಂತ ನೀವೇ ಹೇಳ್ತಿದ್ರಲ್ಲ. ಬಂದು ಬರ್ದು ಕೊಡಿ."

ನನ್ನ ಪಾಠವನ್ನು ನನಗೇ ತಿರುಗಿಸಿ ಕೊಟ್ಟಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಆ ವೃತ್ತ, ಬಾಣ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಶಾಸ್ತ್ರದ ಮೊದಲ ಮೆಟ್ಟಿಲು ಅದು. ಫೈನೈಟ್ ಆಟೊಮೇಟಾ ಎನ್ನುತ್ತಾರೆ. ರಸ್ತೆಯ ಸಿಗ್ನಲ್ ನೋಡಿ. ಅದಕ್ಕೆ ಮೂರೇ ಸ್ಥಿತಿ: ಕೆಂಪು, ಹಸಿರು, ಹಳದಿ. ಮೂರು ವೃತ್ತ ಬರೆಯಿರಿ. ಯಾವುದರಿಂದ ಯಾವುದಕ್ಕೆ ಹೋಗುತ್ತದೆ ಎಂದು ಬಾಣ ಹಾಕಿರಿ. ಮುಗಿಯಿತು, ಸಿಗ್ನಲ್ಲಿನ ಜಾತಕವೇ ನಿಮ್ಮ ಕೈಯಲ್ಲಿ. ಕೆಂಪು ದೀಪದ ಮುಂದೆ ನಿಂತ ನೀವು ಆಸ್ಪತ್ರೆಗೆ ಹೊರಟಿದ್ದೀರೋ ಮದುವೆ ಊಟಕ್ಕೋ ಅದಕ್ಕೆ ತಿಳಿಯದು. ನಿನ್ನೆ ಏನಾಯಿತು ಎಂಬುದೂ ತಿಳಿಯದು. ಅದಕ್ಕೆ ಗೊತ್ತಿರುವುದು ಒಂದೇ, ನಾನೀಗ ಯಾವ ವೃತ್ತದಲ್ಲಿದ್ದೇನೆ ಎಂಬುದು. ಲಿಫ್ಟು, ಬಟ್ಟೆ ಒಗೆಯುವ ಮೆಷಿನ್ನು, ಟಿವಿ ರಿಮೋಟು, ಎಲ್ಲವೂ ಇದೇ ಜಾತಿ. ಇಲ್ಲಿ ನೆನಪಿಡಬೇಕಾದ ಮಾತು: ಒಂದೇ ಗುಂಡಿ ಒತ್ತಿದರೂ ಯಂತ್ರದ ಉತ್ತರ ಒಂದೇ ಆಗಿರಬೇಕಿಲ್ಲ. ಅದು ಆಗ ಯಾವ ವೃತ್ತದಲ್ಲಿತ್ತು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಕಾರ್ಖಾನೆಯ ವಾರದ ರಜೆಯ ದಿನ ಬಸ್ಸು ಹಿಡಿದು ಭದ್ರಾವತಿಗೆ ಹೋದೆ. ಕಾರ್ಖಾನೆಯಲ್ಲಿ ಮೂವರೇ ಇದ್ದರು: ಅಶ್ವಿನಿ, ಪ್ಯಾನೆಲ್ ಕಂಪನಿಯ ಎಂಜಿನಿಯರು, ಮಣಿ. ಎಂಜಿನಿಯರು ಚಿಕ್ಕ ವಯಸ್ಸಿನವರು, ಕೈಯಲ್ಲಿ ಲ್ಯಾಪ್‌ಟಾಪು. ಮಣಿಗೆ ನಲವತ್ತರ ಸುಮಾರು. ಅವನ ತಾತ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಭದ್ರಾವತಿಯಲ್ಲೇ ನೆಲೆ ನಿಂತವರು. ಅಪಘಾತವಾದ ದಿನದಿಂದ ಮಣಿಗೆ ಕೆಲಸವಿಲ್ಲ, ಮನೆಯಲ್ಲೇ ಕೂತಿದ್ದ. ಗಡ್ಡ ಬೆಳೆದಿತ್ತು. ಬಾಗಿಲ ಹತ್ತಿರವೇ ನಿಂತಿದ್ದವನು ಯಂತ್ರದ ಕಡೆ ಕಣ್ಣೆತ್ತಲಿಲ್ಲ.

"ಸಾಮಿ ಮೇಲಾಣೆ ಅಮ್ಮ, ರೀಸೆಟ್ ಒಂದೇ ಒತ್ತಿದ್ದು" ಎಂದ ನನ್ನನ್ನು ಕಂಡ ಕೂಡಲೇ. ಯಾರು ಸಿಕ್ಕರೂ ಮೊದಲು ಅದನ್ನೇ ಹೇಳುವುದು ಅವನಿಗೆ ರೂಢಿಯಾಗಿ ಹೋಗಿತ್ತು.

"ಆಣೆಗೀಣೆ ಆಮೇಲೆ. ಸೀಮೆಸುಣ್ಣ ಇದೆಯಾ?" ಎಂದೆ.

ತಂದುಕೊಟ್ಟರು. ಪ್ರೆಸ್ಸಿನ ಮುಂದಿನ ಸಿಮೆಂಟು ನೆಲದ ಮೇಲೆ ನಾಲ್ಕು ದೊಡ್ಡ ವೃತ್ತ ಬರೆದೆ. ಮೊದಲನೆಯದು ಖಾಲಿ: ಯಂತ್ರದ ಬಾಯಲ್ಲಿ ಏನೂ ಇಲ್ಲ. ಎರಡನೆಯದು ಹಿಡಿತ: ಮಾಲನ್ನು ಕಚ್ಚಿ ಹಿಡಿದಿದೆ. ಮೂರನೆಯದು ಒತ್ತು: ರ‍್ಯಾಮ್ ಇಳಿಯುತ್ತಿದೆ. ನಾಲ್ಕನೆಯದು ಏರು: ರ‍್ಯಾಮ್ ಮೇಲೆ ಹೋಗುತ್ತಿದೆ. ಅಲ್ಲಿಂದ ಮತ್ತೆ ಖಾಲಿಗೆ. ಹಿಡಿತದಿಂದ ಒತ್ತಿಗೆ ಹೋಗುವ ಬಾಣದ ಮೇಲೆ "ಸ್ಟಾರ್ಟ್, ಎರಡೂ ಕೈ" ಎಂದು ಬರೆದೆ. ಸ್ಟಾರ್ಟಿಗೆ ಎರಡು ಗುಂಡಿ, ಒಂದರಿಂದೊಂದು ದೂರ. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ರ‍್ಯಾಮ್ ಇಳಿಯುತ್ತದೆ, ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಒತ್ತುವವನ ಕೈ ಒಳಗೆ ಸಿಗಬಾರದೆಂದು ಮಾಡಿದ ಏರ್ಪಾಡು.

"ಮಣಿ, ಈಗ ನೀನೇ ಮೆಷಿನ್ನು. ಮೊದಲನೇ ವೃತ್ತದಲ್ಲಿ ನಿಂತ್ಕೊ. ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ನಡೆಯುತ್ತೋ ಹಂಗೇ ನಡ್ಕೊಂಡು ಹೋಗು."

"ಕುಂಟೆಬಿಲ್ಲೆ ಆಡಿಸ್ತೀರಾ ಅಮ್ಮ ಈ ವಯಸ್ನಲ್ಲಿ?" ಎಂದ. ಎಂಜಿನಿಯರು ಕಿಸಕ್ಕನೆ ನಕ್ಕರು.

"ನಗಬೇಡಿ. ನಿಮ್ಮ ಸರದೀನೂ ಬರುತ್ತೆ" ಎಂದೆ.

ಮಣಿ ಒಂದೊಂದೇ ವೃತ್ತ ದಾಟಿದ. ಖಾಲಿ, ಹಿಡಿತ, ಒತ್ತು, ಏರು, ಮತ್ತೆ ಖಾಲಿ. ಕರೆಂಟು ಹೋದರೆ? ಪ್ಯಾನೆಲ್ಲಿಗೆ ಯುಪಿಎಸ್ ಇದೆ, ಜನರೇಟರು ಬರುವವರೆಗೆ ಜೀವ ಹಿಡಿದಿರುತ್ತದೆ, ಇದ್ದ ವೃತ್ತದಲ್ಲೇ ಇರುತ್ತದೆ. ಸಂಜೆ ಪ್ಯಾನೆಲ್ ಆಫ್ ಮಾಡುವಾಗ? ಕೊನೆಯ ಮಾಲು ತೆಗೆದು, ಮೊದಲನೇ ವೃತ್ತದಲ್ಲಿ. ಬೆಳಿಗ್ಗೆ ಆನ್ ಮಾಡಿದರೆ ಕೆಂಪು ದೀಪ, ರೀಸೆಟ್ ಒತ್ತಿದರೆ ದೀಪ ಆರುತ್ತದೆ, ಮೊದಲನೇ ವೃತ್ತದಲ್ಲೇ ಇರುತ್ತದೆ. ಎಲ್ಲ ಸರಿಯಾಗಿತ್ತು.

"ಸರಿ. ಆಯುಧಪೂಜೆ ದಿನ ಪ್ಯಾನೆಲ್ ಆಫ್ ಮಾಡ್ದಾಗ ಎಲ್ಲಿದ್ದೆ? ಅಲ್ಲಿ ಹೋಗಿ ನಿಂತ್ಕೊ."

ಮಣಿ ಏನೂ ಯೋಚನೆ ಮಾಡದೆ ನಡೆದು ಹೋಗಿ ಮೂರನೇ ವೃತ್ತದಲ್ಲಿ ನಿಂತ.

ನಾನು ಅವನ ಮುಖ ನೋಡಿದೆ. ಎಂಜಿನಿಯರು ಅವನ ಕಾಲು ನೋಡಿದರು.

"ಅಲ್ಯಾಕೆ ನಿಂತೆ?" ಎಂದೆ.

"ಹಬ್ಬಕ್ಕೆ ಇಲ್ಲೇ ಬಿಡೋದಲ್ವಾ ಅಮ್ಮ. ಖಾಲಿ ಬಿಡಂಗಿಲ್ಲ."

ಆ ಮಾತನ್ನು ಬಿಡಿಸಿ ಹೇಳಿದ್ದು ಅಶ್ವಿನಿ. ಅವಳ ತಂದೆ ಹಾಕಿಕೊಟ್ಟ ಪದ್ಧತಿ ಅದು. ಮನೆಯಲ್ಲಿ ಅಕ್ಕಿ ಡಬ್ಬಿಯ ತಳ ಕಾಣಿಸಬಾರದು ಎನ್ನುತ್ತೇವಲ್ಲ, ಹಾಗೆ ಹಬ್ಬದ ದಿನ ಯಂತ್ರ ಬರಿಗೈಯಲ್ಲಿ ಮಲಗಬಾರದು ಎಂದು ಅವರು ಹೇಳುತ್ತಿದ್ದರು. ಅದಕ್ಕೇ ಆಯುಧಪೂಜೆಯ ದಿನ ಒಂದು ಮಾಲನ್ನು ಬಾಯಿಗಿಟ್ಟು, ಬುಷ್ಷನ್ನು ಅರ್ಧ ಮಾತ್ರ ಒತ್ತಿ ನಿಲ್ಲಿಸುತ್ತಿದ್ದರು. ಆಮೇಲೆ ಪ್ಯಾನೆಲ್ಲಿನ ಲೆಕ್ಕಕ್ಕೆ ಬಾರದ ಪಕ್ಕದ ಕೈಲಿವರಿನಿಂದ ರ‍್ಯಾಮ್ ಎತ್ತಿ, ಆ ಅರೆಬರೆ ಮಾಲಿಗೆ ಅರಿಸಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಪ್ಯಾನೆಲ್ ಆಫ್ ಮಾಡುವುದು. ಉಳಿದರ್ಧ ಹಬ್ಬ ಕಳೆದ ಮೇಲೆ. ಅದರಲ್ಲೂ ಒಂದು ಕಟ್ಟುನಿಟ್ಟಿತ್ತು: ಮಲಗಿದ ಯಂತ್ರದ ಮೈಮೇಲಿನ ಹಾರ ಎಳೆಯಬಾರದು, ಎಬ್ಬಿಸಿಯೇ ತೆಗೆಯಬೇಕು. ಅಂದರೆ ಮಣಿ ಪ್ಯಾನೆಲ್ ಆನ್ ಮಾಡಿ ರೀಸೆಟ್ ಒತ್ತಬೇಕು. ಕೆಂಪು ದೀಪ ಆರಿದ್ದು ಕಂಡ ಮೇಲೆ ಬಸವರಾಜ ಕೈ ಹಾಕಿ ಹಾರ ತೆಗೆಯಬೇಕು. ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು, ಒಂದು ಗೀರೂ ಆಗಿರಲಿಲ್ಲ.

ಚಾಲೂ ಇರುವ ಯಂತ್ರಕ್ಕೆ ಕೈ ಹಾಕಬಾರದು ಎಂದು ಬುದ್ಧಿವಂತರು ಹೇಳಿಯಾರು. ಹೇಳಲಿ, ಅದು ಸರಿಯೇ. ಆದರೆ ದೀಪ ಆರಿದರೆ ಭಯವಿಲ್ಲ ಎಂದು ಆ ಯಂತ್ರವೇ ಅವರಿಗೆ ಅಷ್ಟು ವರ್ಷ ಕಲಿಸಿಕೊಟ್ಟಿತ್ತು.

"ಈ ಪ್ಯಾನೆಲ್ ಹಾಕ್ಸಿದ್ದು ಯಾವಾಗ?" ಎಂದೆ.

"ಹಳೇದು ತೆಗೆದು ಇದನ್ನ ಹಾಕ್ಸಿದ್ದು ಈ ಯುಗಾದಿ ಆದ್ಮೇಲೆ ಮೇಡಂ" ಎಂದಳು ಅಶ್ವಿನಿ. ಹೇಳುತ್ತ ಹೇಳುತ್ತಲೇ ಅವಳಿಗೆ ಹೊಳೆಯಿತು. ಹೊಸ ಪ್ಯಾನೆಲ್ಲಿಗೆ ಅದು ಮೊದಲ ಆಯುಧಪೂಜೆ.

ಎಂಜಿನಿಯರ ಕಡೆ ತಿರುಗಿದೆ. "ಮೂರನೇ ವೃತ್ತದಲ್ಲಿದ್ದಾಗ ಪ್ಯಾನೆಲ್ ಆಫ್ ಆದ್ರೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತೆ?"

ಅವರು ಲ್ಯಾಪ್‌ಟಾಪ್ ತೆರೆದರು. ಮುಖ ಸಣ್ಣದಾಗುತ್ತ ಬಂತು. "ನೆನಪಿಟ್ಕೊಳುತ್ತೆ ಮೇಡಂ. ಬ್ಯಾಟರಿ ಮೆಮೊರಿ ಇದೆ. ಅರ್ಧ ಒತ್ತಿದ ಬುಷ್ ಸಿಕ್ಕಾಕ್ಕೊಂಡು ಮಾಲು ಹಾಳಾಗಬಾರದು ಅಂತ, ಪವರ್ ಬಂದು ರೀಸೆಟ್ ಒತ್ತಿದ್ರೆ ಉಳಿದ ಒತ್ತು ಮುಗಿಸೋ ಹಂಗೆ ಬರೆದಿದೀನಿ."

"ಆ ಬಾಣಕ್ಕೆ ಎರಡೂ ಕೈ ಬೇಕು ಅಂತ ಬರೆದಿದೀರಾ?"

"ಇಲ್ಲ. ಅದು ಸ್ಟಾರ್ಟಿಗೆ ಮಾತ್ರ."

"ನೀವು ಅಷ್ಟು ಸಲ ರೀಸೆಟ್ ಒತ್ತಿ ನೋಡಿದ್ದು ಯಾವ ವೃತ್ತದಲ್ಲಿ?"

ಅವರು ನೆಲದ ಕಡೆ ಬೆರಳು ಮಾಡಿ ತೋರಿಸಿದರು. ಮೊದಲನೇ ವೃತ್ತದಲ್ಲಿ. ಅಪಘಾತವಾದ ಕೂಡಲೇ ಯಾರೋ ರ‍್ಯಾಮ್ ಎತ್ತಿ, ಮಾಲು ತೆಗೆದು, ಎಲ್ಲ ಖಾಲಿ ಮಾಡಿದ್ದರು. ಒಂದೇ ವೃತ್ತದಲ್ಲಿ ನಿಂತು ಒಂದೇ ಗುಂಡಿಯನ್ನು ನೂರು ಸಲ ಒತ್ತಿದರೆ ಅದು ನೂರು ಪರೀಕ್ಷೆಯಲ್ಲ. ಒಂದೇ ಪರೀಕ್ಷೆ, ತೊಂಬತ್ತೊಂಬತ್ತು ಸಲ ದಂಡ. ತರಗತಿಯಲ್ಲಾಗಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ಅಲ್ಲಿ ಬೈಯಲು ಮನಸ್ಸು ಬರಲಿಲ್ಲ. ಮಾಲು ಹಾಳಾಗಬಾರದು ಎಂಬ ಒಳ್ಳೆಯ ಉದ್ದೇಶಕ್ಕೇ ಅವರು ಆ ಬಾಣ ಬರೆದಿದ್ದರು. ಯಂತ್ರಕ್ಕೆ ಅರ್ಧ ಕೆಲಸ ಕೊಟ್ಟು ಮಲಗಿಸುವ ಜನ ಇದ್ದಾರೆಂದು ಅವರಿಗೆ ಯಾರು ಹೇಳಿದ್ದರು? ಕಾರ್ಖಾನೆಯವರಿಗಾದರೂ, ಯಂತ್ರಕ್ಕೆ ಈಗ ನೆನಪು ಬಂದಿದೆ ಎಂದು ಯಾರು ಹೇಳಿದ್ದರು?

ಪೂಜೆಗೆ ಕಟ್ಟಿದ್ದ ಬಾಳೆಯ ಕಂಬ ಬಾಗಿಲಲ್ಲಿ ಇನ್ನೂ ಬಾಡಿ ನಿಂತಿತ್ತು. ಅದರದೊಂದು ತುಂಡು ಕಡಿಸಿದೆ. ಎಂಜಿನಿಯರೇ ಒಂದು ಮಾಲು ಇಟ್ಟು, ಬುಷ್ಷನ್ನು ಅರ್ಧ ಒತ್ತಿ, ಕೈಲಿವರಿನಿಂದ ರ‍್ಯಾಮ್ ಎತ್ತಿದರು. ಹಾರ ಇದ್ದ ಜಾಗದಲ್ಲಿ ಬಾಳೆದಿಂಡು ಇಟ್ಟೆವು. ಪ್ಯಾನೆಲ್ ಆಫ್ ಮಾಡಿ ಮತ್ತೆ ಆನ್ ಮಾಡಿದರು. ಕೆಂಪು ದೀಪ ಹತ್ತಿತು. ಎಲ್ಲರೂ ದೂರ ಸರಿದೆವು. ಎಂಜಿನಿಯರು ಒಂದೇ ಬೆರಳಿನಲ್ಲಿ ರೀಸೆಟ್ ಒತ್ತಿದರು. ದೀಪ ಆರಿತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ರ‍್ಯಾಮ್ ನೆಟ್ಟಗೆ ಇಳಿದು ಬಾಳೆದಿಂಡನ್ನು ಪಚ್ಚೆಂದು ಅಪ್ಪಚ್ಚಿ ಮಾಡಿತು.

ಅಶ್ವಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಣಿ ಮೂರನೇ ವೃತ್ತದ ಮೇಲೇ ಕುಸಿದು ಕೂತ. ಇವನಿಗೆ ಈಗ ನಿರಾಳವಾಗುತ್ತದೆ ಎಂದುಕೊಂಡಿದ್ದೆ ನಾನು. ಅವನು ಅಳಲು ಶುರು ಮಾಡಿದ.

"ಹಂಗಾದ್ರೆ ನಾನೇ ಅಲ್ವಾ ಅಮ್ಮ? ಇಷ್ಟು ದಿನ ನಾನಲ್ಲ, ಮೆಷಿನ್ನೇ ಏನೋ ಮಾಡ್ತು ಅಂದ್ಕೊಂಡಿದ್ದೆ. ಒತ್ತಿದ್ದು ನಾನೇ. ಬಸಣ್ಣನ ಕೈ ತೆಗ್ದಿದ್ದು ನಾನೇ."

ಪಕ್ಕದಲ್ಲಿ ಕೂತೆ, ಸೀರೆಗೆ ಎಣ್ಣೆ ಹತ್ತಿದರೆ ಹತ್ತಲಿ ಎಂದು. "ಗುಂಡಿ ಒತ್ತಿದ್ದು ನೀನು ಕಣಪ್ಪ. ಬಾಣ ಬರೆದದ್ದು ನೀನಲ್ಲ. ಆ ಬಾಣ ಅಲ್ಲಿದೆ ಅಂತ ಈ ಕಾರ್ಖಾನೇಲಿ ಯಾರಿಗೂ ಗೊತ್ತಿರಲಿಲ್ಲ" ಎಂದೆ. ಅವನಿಗೆ ಅದು ಕೇಳಿಸಿತೋ ಇಲ್ಲವೋ.

ಅಶ್ವಿನಿ ಆ ವರದಿಗೆ ಸಹಿ ಹಾಕಲಿಲ್ಲ. ಎಂಜಿನಿಯರೇ ತಾವಾಗಿ ಬೇರೆ ವರದಿ ಬರೆದುಕೊಟ್ಟರು. ಅದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ. ಆದರೆ ಹೊರಗೆ ಬರುತ್ತ ಅಶ್ವಿನಿ ನನ್ನ ತೋಳು ಹಿಡಿದು ಕೇಳಿದಳು, "ಮೇಡಂ, ಇಂಥದ್ದು ಇನ್ನು ಎಲ್ಲೆಲ್ಲಿ ಅಡಗಿದೆಯೋ! ಯಾವ ಪ್ರೋಗ್ರಾಂ ಕೊಟ್ರೂ ಓದಿ, ಇದು ಸರಿ, ಇದು ತಪ್ಪು ಅಂತ ಹೇಳೋ ಒಂದು ಪ್ರೋಗ್ರಾಂ ಬರೀಬಹುದಲ್ವಾ? ಒಂದು ಸಲ ಬರೆದ್ರೆ ಲೋಕಕ್ಕೇ ಉಪಕಾರ."

ಬಹಳ ಒಳ್ಳೆಯ ಪ್ರಶ್ನೆ. ಇವಳು ಆ ಪಾಠದ ದಿನ ತರಗತಿಗೆ ಚಕ್ಕರ್ ಹಾಕಿದ್ದಳೆಂದು ಕಾಣುತ್ತದೆ. ಇದಕ್ಕೆ ಉತ್ತರ ಸುಮಾರು ತೊಂಬತ್ತು ವರ್ಷದ ಹಿಂದೆಯೇ, ಇವತ್ತಿನಂಥ ಕಂಪ್ಯೂಟರ್ ಹುಟ್ಟುವ ಮೊದಲೇ ಸಿಕ್ಕಿದೆ. ಉತ್ತರ: ಸಾಧ್ಯವಿಲ್ಲ. ಇವತ್ತು ಆಗದು, ನಾಳೆ ಆದೀತು ಎಂಬಂಥ ಸಾಧ್ಯವಿಲ್ಲ ಅಲ್ಲ. ಎಷ್ಟು ದೊಡ್ಡ ಕಂಪ್ಯೂಟರ್ ತಂದರೂ ಎಂದಿಗೂ ಆಗದು. ನಮ್ಮಲ್ಲಿ ಇದರ ಮೂಲವನ್ನು ಹಾಲ್ಟಿಂಗ್ ಪ್ರಾಬ್ಲಮ್ ಎನ್ನುತ್ತಾರೆ: ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಓಡಿ ನಿಲ್ಲುತ್ತದೋ, ನಿಲ್ಲದೆ ಓಡುತ್ತಲೇ ಇರುತ್ತದೋ ಎಂದು ತಪ್ಪದೆ ಹೇಳುವ ಪ್ರೋಗ್ರಾಂ ಇರಲಾರದು. ಅಷ್ಟನ್ನೇ ಹೇಳಲಾಗದ ಮೇಲೆ ಸರಿ, ತಪ್ಪು ಹೇಳುವುದು ದೂರದ ಮಾತು.

ಏಕೆ ಎಂದು ಅವಳಿಗೆ ಹೇಳಿದ್ದು ನನ್ನ ತಂಗಿಯ ಮೊಮ್ಮಗಳ ಉದಾಹರಣೆ ಕೊಟ್ಟು. ಆ ಹುಡುಗಿಗೆ ವಿಪರೀತ ಹಟ. "ನೀನು ಹಾಲು ಕುಡೀತೀಯ" ಎಂದರೆ ಕುಡಿಯುವುದಿಲ್ಲ. "ನೀನೆಲ್ಲಿ ಕುಡೀತೀಯ ಬಿಡು" ಎಂದರೆ ಗಟಗಟ ಕುಡಿಯುತ್ತಾಳೆ. ಈಗ ಯಾರು ಏನು ಮಾಡುತ್ತಾರೆಂದು ಎಂದೂ ತಪ್ಪದೆ ಹೇಳುವ ಒಬ್ಬ ಜೋಯಿಸರಿದ್ದಾರೆ ಎನ್ನಿ. ಅವರನ್ನು ಇವಳ ಮುಂದೆ ಕೂರಿಸಿ, ಇವಳು ಹಾಲು ಕುಡಿಯುತ್ತಾಳೋ ಇಲ್ಲವೋ ಇವಳಿಗೆ ಕೇಳಿಸುವಂತೆ ಹೇಳಿ ಎಂದರೆ? ಏನು ಹೇಳಿದರೂ ಇವಳು ಉಲ್ಟಾ ಮಾಡುತ್ತಾಳೆ. ಜೋಯಿಸರು ಸೋತರು. ಎಂದೂ ತಪ್ಪದ ಜೋಯಿಸರು ಇರಲಾರರು ಎಂದಾಯಿತಲ್ಲ? ಪ್ರೋಗ್ರಾಮುಗಳ ಲೋಕದಲ್ಲೂ ಇಂಥ ಹಟಮಾರಿಯನ್ನು ಬರೆಯಬಹುದು. ಪರೀಕ್ಷಿಸುವ ಪ್ರೋಗ್ರಾಂ ಈ ಹಟಮಾರಿಯ ಬಗ್ಗೆ "ನಿಲ್ಲುತ್ತದೆ" ಎಂದರೆ ಅದು ನಿಲ್ಲುವುದಿಲ್ಲ, "ನಿಲ್ಲುವುದಿಲ್ಲ" ಎಂದರೆ ನಿಂತುಬಿಡುತ್ತದೆ. ಹಾಗಾಗಿ ಎಲ್ಲವನ್ನೂ ತೂಗಿ ನೋಡುವ ಒಂದೇ ತಕ್ಕಡಿ ಎಂಬುದು ಇಲ್ಲ.

"ಅಯ್ಯೋ, ಹಂಗಾದ್ರೆ ಏನು ಗತಿ ಮೇಡಂ?" ಎಂದಳು.

"ಎಲ್ಲದಕ್ಕೂ ಒಂದೇ ಮದ್ದು ಇಲ್ಲ ಅಂದೆ, ಯಾವುದಕ್ಕೂ ಮದ್ದಿಲ್ಲ ಅನ್ನಲಿಲ್ಲ. ನಿನ್ನ ಪ್ರೆಸ್ಸಿನಂಥ ಸಣ್ಣ ಯಂತ್ರಕ್ಕೆ ಎಣಿಸಿದಷ್ಟೇ ವೃತ್ತ. ಒಂದೊಂದು ವೃತ್ತದಲ್ಲೂ ನಿಂತು ಒಂದೊಂದು ಗುಂಡಿಯನ್ನೂ ಒತ್ತಿ ನೋಡಿದ್ರೆ ಮುಗೀತು, ಆಗ ಖಾತ್ರಿ. ಹಬ್ಬದ ದಿನಾನೂ ಸೇರಿಸಿ ನೋಡ್ಬೇಕು, ಅಷ್ಟೇ."

ವರದಿ ಬದಲಾಯಿತು, ಮಣಿಯ ಕೆಲಸ ಉಳಿಯಿತು. ಅವನಿಗೆ ಬೇಕಾದದ್ದು ಅದಲ್ಲ. "ಕೆಲಸ ಹೋದ್ರೆ ಹೋಗ್ಲಮ್ಮ, ಬಸಣ್ಣ ನಂಬ್ಬೇಕು" ಎಂದ. ಬಸವರಾಜನಿಗೆ ಅಶ್ವಿನಿ ಫೋನಿನಲ್ಲಿ ಎಲ್ಲ ಹೇಳಿದ್ದಳು. "ನೀವು ದೊಡ್ಡೋರು ಕಾಗದದಲ್ಲಿ ಏನು ಬೇಕಾದ್ರೂ ಬರ್ಕೋತೀರಿ" ಎಂದು ಆತ ಫೋನ್ ಇಟ್ಟುಬಿಟ್ಟಿದ್ದನಂತೆ. ಹಾಗಾಗಿ ಮುಂದಿನ ಭಾನುವಾರ ಸಂಜೆ ನಾನೇ ಮಣಿಯನ್ನು ಕರೆದುಕೊಂಡು ಬಸವರಾಜನ ಮನೆಗೆ ಹೋದೆ. ಕಾಗದನಗರದ ಹತ್ತಿರ, ಮಹಡಿಯ ಮೇಲಿನ ಬಾಡಿಗೆ ಮನೆ. ಮೆಟ್ಟಿಲ ಬುಡದವರೆಗೆ ಬಂದ ಮಣಿ ಅಲ್ಲೇ ನಿಂತ. "ನೀವು ಹೋಗಿ ಅಮ್ಮ. ಆ ಮುಖ ತೋರಿಸ್ಬೇಡ ಅಂದಿದಾನೆ" ಎಂದ. ಎಷ್ಟು ಹೇಳಿದರೂ ಹತ್ತಲಿಲ್ಲ.

ಬಸವರಾಜ ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ಹೆಂಡತಿ ಲತಾ ನನಗೆ ಕುರ್ಚಿ ಕೊಟ್ಟಳು. ನಾನು ಯಾರೆಂದು ಹೇಳಿಕೊಂಡ ಕೂಡಲೇ ಬಸವರಾಜ ಸಿಡಿದ.

"ಅವನ ಪರ ಮಾತಾಡೋಕೆ ಬಂದಿದ್ರೆ ಕಾಫಿ ಕುಡ್ಕೊಂಡು ಹೋಗಿ ಮೇಡಂ. ಬೆರಳು ಹೋಗಿದ್ದಕ್ಕಲ್ಲ ನಂಗೆ ಸಿಟ್ಟು. ಮಧ್ಯಾಹ್ನ ಅವನ ಡಬ್ಬಿ ಪುಳಿಯೋಗರೆ ಇಲ್ದೆ ನನಗೆ ಊಟ ಸೇರ್ತಿರ್ಲಿಲ್ಲ, ಅಂಥೋನು! ರೀಸೆಟ್ ಒತ್ತಿದ್ನಂತೆ, ರೀಸೆಟ್! ಇಷ್ಟು ವರ್ಷ ನೋಡಿದೀನಿ, ರೀಸೆಟ್ ಒತ್ತಿದ್ರೆ ಇರುವೆನೂ ಸಾಯಲ್ಲ. ರೂಢಿ ಮೇಲೆ ಸ್ಟಾರ್ಟ್ ಒತ್ಬಿಟ್ಟೆ ಬಸಣ್ಣ ಅಂದಿದ್ರೆ ಆಸ್ಪತ್ರೇಲೇ ಮರ್ತುಬಿಡ್ತಿದ್ದೆ. ನನ್ನ ಮುಂದೇನೇ ಸುಳ್ಳು ಹೇಳ್ದ ನೋಡಿ."

ವೃತ್ತ ಬರೆಯಲು ಸೀಮೆಸುಣ್ಣ ತಂದಿದ್ದೆ. ಆ ಮುಖ ನೋಡಿದ ಮೇಲೆ ತೆಗೆಯಲಿಲ್ಲ. ಬಾಗಿಲ ಪಕ್ಕ ಮೆಟ್ಟಿಲಿನ ದೀಪದ ಸ್ವಿಚ್ಚು ಕಂಡಿತು. ಮಹಡಿ ಮನೆಗಳಲ್ಲಿರುತ್ತದಲ್ಲ, ಒಂದು ದೀಪ, ಕೆಳಗೊಂದು ಸ್ವಿಚ್ಚು, ಮೇಲೊಂದು.

"ಬಸವರಾಜ್, ಒಂದು ನಿಮಿಷ ಎದ್ದು ಬನ್ನಿ. ಈ ಸ್ವಿಚ್ಚು ಒತ್ತಿ."

ನನ್ನನ್ನು ಅನುಮಾನದಿಂದ ನೋಡುತ್ತಲೇ ಬಂದು ಎಡಗೈಯಲ್ಲಿ ಒತ್ತಿದ. ದೀಪ ಹತ್ತಿತು.

"ಮತ್ತೆ ಒತ್ತಿ." ಆರಿತು.

ನಾನು ಮೆಟ್ಟಿಲ ಕಡೆ ಬಾಗಿ "ಕೆಳಗಿನ ಸ್ವಿಚ್ ಒಂದು ಸಲ ಒತ್ತಪ್ಪ" ಎಂದು ಕೂಗಿದೆ. ಕೆಳಗೆ ಟಕ್ ಎಂದಿತು, ದೀಪ ಹತ್ತಿತು. "ಮೊದಲು ನೀವು ಈ ಸ್ವಿಚ್ಚನ್ನ ಕೆಳಗೆ ಒತ್ತಿದಾಗ ದೀಪ ಹತ್ತಿತ್ತು. ಈಗ ಅದೇ ಸ್ವಿಚ್ಚು, ಅದೇ ಥರ ಒತ್ತಿ."

ಒತ್ತಿದ. ದೀಪ ಆರಿತು.

"ನೀವೇನಾದ್ರೂ ಬೇರೆ ಥರ ಒತ್ತಿದ್ರಾ?"

"ಇಲ್ಲ."

"ಕೆಳಗಿರೋರು ಇನ್ನೊಂದು ಸಲ ಮುಟ್ಟಿರಬಹುದು, ಮುಟ್ಟದೇ ಇರಬಹುದು. ಈಗ ನೀವು ಒತ್ತಿದ್ರೆ ಹತ್ತುತ್ತೋ ಆರುತ್ತೋ, ಇಲ್ಲೇ ನಿಂತು ಸ್ವಿಚ್ಚನ್ನಷ್ಟೇ ನೋಡಿ ಹೇಳಿ."

"ಕೆಳಗಿನ ಸ್ವಿಚ್ಚು ಹೆಂಗಿದೆ ಅಂತ ನೋಡ್ದೆ ಹೆಂಗೆ ಹೇಳ್ಲಿ ಮೇಡಂ?" ಎಂದ. ಸ್ವಿಚ್ಚಿನ ಮೇಲಿನ ಕೈ ಅಲ್ಲೇ ಇತ್ತು.

ಆಗ ಹೇಳಿದೆ. ಹಬ್ಬಕ್ಕೆ ಅರ್ಧ ಒತ್ತಿ ಬಿಟ್ಟ ಬುಷ್ಷು, ಹೊಸ ಪ್ಯಾನೆಲ್ಲಿನ ನೆನಪು, ಅಪ್ಪಚ್ಚಿಯಾದ ಬಾಳೆದಿಂಡು, ಎಲ್ಲ. "ನೀವು ಕಣ್ಣಾರೆ ಕಂಡದ್ದು ನಿಜ. ಅವನು ಹೇಳಿದ್ದೂ ನಿಜ. ಕೆಳಗಿನ ಸ್ವಿಚ್ಚನ್ನ ನಿಮ್ಮಿಬ್ಬರಲ್ಲಿ ಯಾರೂ ನೋಡಿರಲಿಲ್ಲ" ಎಂದೆ.

ಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸವರಾಜ, "ಕೆಳಗೆ ಸ್ವಿಚ್ ಒತ್ತಿದ್ದು ಯಾರು ಮೇಡಂ?" ಎಂದ.

"ಮಣಿ."

"ಅಷ್ಟು ಹೊತ್ತಿಂದ ಅಲ್ಲೇ ನಿಂತಿದಾನಾ?" ಎಂದವನೇ ಮೆಟ್ಟಿಲ ಕತ್ತಲಿಗೆ ಬಾಗಿ, ಗದರುವ ದನಿ ಮಾಡಿಕೊಂಡು ಕೂಗಿದ. "ಬಾರೋ ಮೇಲೆ! ಸೊಳ್ಳೆ ಕಚ್ಚಿಸ್ಕೊಂಡು ಅಲ್ಲೇನು ಮಾಡ್ತೀಯ ಮಾರಾಯ?"

ಕಾರ್ಖಾನೆಯಲ್ಲಿ ಆಮೇಲೆ ಎಲ್ಲ ಯಂತ್ರಗಳ ವೃತ್ತ, ಬಾಣ ಬರೆಸಿ ಗೋಡೆಗೆ ಹಾಕಿಸಿದೆವು. ಪ್ರೆಸ್ಸಿನ ರೀಸೆಟ್ ಬಾಣವನ್ನು ಬದಲಾಯಿಸಿದರು: ಈಗ ಎಲ್ಲಿ ನಿಲ್ಲಿಸಿದ್ದರೂ ರೀಸೆಟ್ ಒತ್ತಿದರೆ ರ‍್ಯಾಮ್ ಮೇಲಕ್ಕೆ ಮಾತ್ರ ಹೋಗುತ್ತದೆ. ಅಲ್ಲಿ ಏರಿ ನಿಂತ ಮೇಲೆ ಕೆಳಗೆ ಬೀಳದಂತೆ ಕಬ್ಬಿಣದ ಕೊಂಡಿ ಅಡ್ಡ ಬರುತ್ತದೆ. ಅಷ್ಟಾದ ಮೇಲೇ ದೀಪ ಆರುವುದು. ಮಣಿ ಮಾತ್ರ ಆ ಪ್ಯಾನೆಲ್ ಮುಟ್ಟಲಿಲ್ಲ. ಕಬ್ಬಿಣ ಕಡೆಯುವ ಲೇತ್ ಯಂತ್ರಕ್ಕೆ ಹಾಕಿ ಎಂದು ಕೇಳಿಕೊಂಡು ಹೋದ, ವರ್ಷವಿಡೀ ಅಲ್ಲೇ ಇದ್ದ.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಇದರಿಂದ ಏನು ಉಪಯೋಗ ಎಂದು ಕೇಳಿದವರಿಗೆ ಕೊಡಬೇಕಾದ ಉತ್ತರ ಈಗ ನನ್ನ ಹತ್ತಿರ ಇದೆ. ಏನಾದರೂ ಕೆಟ್ಟರೆ ನಾವೆಲ್ಲ ಮೊದಲು ಕೇಳುವುದು "ಯಾರು ಮಾಡಿದ್ದು?" ಎಂದು. ನನ್ನ ವೃತ್ತಿ ಕಲಿಸಿದ್ದು ಅದಕ್ಕಿಂತ ಮುಂಚೆ ಇನ್ನೊಂದು ಮಾತು ಕೇಳಲು: "ಆಗ ಅದು ಯಾವ ಸ್ಥಿತಿಯಲ್ಲಿತ್ತು?" ಇದನ್ನು ಕೇಳುವ ತಾಳ್ಮೆ ಇದ್ದರೆ ಎಷ್ಟೋ ಮನೆಗಳಲ್ಲಿ, ಎಷ್ಟೋ ಕಚೇರಿಗಳಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುವ ಹಾಗಿರುತ್ತದೆ. ಸಿಟ್ಟಿನವಳಾದ ನಾನೇ ಇದನ್ನು ಕಷ್ಟಪಟ್ಟು ರೂಢಿ ಮಾಡಿಕೊಂಡಿದ್ದೇನೆ.

ಮರುವರ್ಷದ ಆಯುಧಪೂಜೆಗೆ ಅಶ್ವಿನಿ ನನ್ನನ್ನೂ ಕರೆದಿದ್ದಳು. ಹಬ್ಬ ಮುಗಿದು ಕೆಲಸ ಶುರುವಾಗುವ ಬೆಳಿಗ್ಗೆಗೂ ಬನ್ನಿ ಎಂದಳು, ಹೋದೆ. ಅವಳ ತಂದೆಯ ಪದ್ಧತಿ ಬಿಟ್ಟಿರಲಿಲ್ಲ. ಪ್ರೆಸ್ಸಿನ ಬಾಯಲ್ಲಿ ಅರ್ಧ ಒತ್ತಿದ ಮಾಲು, ಅದರ ಮೇಲೆ ಚೆಂಡುಹೂವಿನ ಹಾರ. ಹೊಸ ಆಪರೇಟರ್ ಪ್ಯಾನೆಲ್ ಆನ್ ಮಾಡಿದ, ಕೆಂಪು ದೀಪ ಹತ್ತಿತು. ರೀಸೆಟ್ ಒತ್ತಲು ಅವನು ಬೆರಳು ಎತ್ತಿದಾಗ ಬಸವರಾಜ ತಡೆದ. ನೇರ ಲೇತ್ ಹತ್ತಿರ ಹೋಗಿ ಮಣಿಯನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದ.

"ಬೇಡ ಬಸಣ್ಣ, ನನ್ನ ಕೈಲಿ ಆಗಲ್ಲ" ಎಂದ ಮಣಿ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇಷ್ಟು ವರ್ಷ ನೀನು ಒತ್ತಿದ್ಮೇಲೇ ನಾನು ಕೈ ಹಾಕಿರೋದು. ಬೇರೆಯೋರು ಒತ್ತಿದ್ರೆ ನಾನು ಹಾಕಲ್ಲ. ಒತ್ತು."

ಮಣಿ ಒತ್ತಿದ. ರ‍್ಯಾಮ್ ಇನ್ನೂ ಮೇಲಕ್ಕೆ ಹೋಯಿತು, ಕೊಂಡಿ ಅಡ್ಡ ಬಂತು, ಕೆಂಪು ದೀಪ ಆರಿತು. ಬಸವರಾಜ ಮೂರು ಬೆರಳಿನ ಬಲಗೈ ಚಾಚಿ ಹಾರ ತೆಗೆದ.